ಅವರನ್ನು ಸುಮ್ನೆ ಕೂರಿಸಬೇಡಿ

"ಇಷ್ಟು ವರ್ಷ ದೇಶಕ್ಕೆ ದುಡಿದಿದ್ದಾರೆ, ಇನ್ನು ಆರಾಮಾಗಿ ಕೂತಿರಲಿ ಬಿಡಿ ಮೇಡಂ."

ಮಾಜಿ ಸೈನಿಕರ ಮನೆಗಳಲ್ಲಿ ನಾನು ಅತಿ ಜಾಸ್ತಿ ಕೇಳುವ ಮಾತು ಇದು. ಮಗ ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ನೋಡಲು ಬಂದ ನೆಂಟರೂ ಹೇಳುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ನನಗೆ ಜಾಸ್ತಿ ತಲೆನೋವು ಕೊಡುವುದೂ ಈ ಪ್ರೀತಿಯೇ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಮಾನಸಿಕ ಆರೋಗ್ಯದ ಕಡೆ ಕೆಲಸ. ಶಿವಮೊಗ್ಗದಲ್ಲಿ ಕೂತು ನೋಡುವುದು ಸ್ವಲ್ಪ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಿಗೇ ಹೋಗಿ ನೋಡುವುದು ಜಾಸ್ತಿ. ಹಾಗೆ ನೋಡುವವರಲ್ಲಿ ಅರವತ್ತು ದಾಟಿದ ಮಾಜಿ ಸೈನಿಕರು ಬಹಳ ಮಂದಿ. ಫಿಸಿಯೋದವಳು ಅಂದುಕೊಂಡು ಪಂಚೆ ಎತ್ತಿ ಮಂಡಿ ತೋರಿಸುವವರಿದ್ದಾರೆ. ಮಂಡಿಯನ್ನೂ ನೋಡುತ್ತೇನೆ, ಅದಕ್ಕೇನು. ಆದರೆ ನನಗೆ ಬೇಕಾದದ್ದು ಅವರ ದಿನ. ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡುತ್ತಾರೆ, ಮೊದಲು ಮಾಡುತ್ತಿದ್ದದ್ದರಲ್ಲಿ ಯಾವುದು ಬಿಟ್ಟುಹೋಯಿತು, ಯಾಕೆ ಹೋಯಿತು, ಮತ್ತೆ ಹಿಡಿಯಲು ಏನು ಬೇಕು. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ. ಮಾತ್ರೆ ತಿಂದಾದ ಮೇಲೆ ಉಳಿಯುವ ಇಡೀ ದಿನ ಇದೆಯಲ್ಲ, ಅದು ನನ್ನ ಪಾಲಿಗೆ.

(ಇಲ್ಲಿ ಬರುವ ಹಿರಿಯರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕಾಮೆಂಟಿನಲ್ಲಿ "ಇವರು ನಮ್ಮೂರಿನ ಅವರಲ್ವಾ" ಅಂತ ಕೇಳಬೇಡಿ.)

ಜವಾನರು ಮುದುಕರಾಗಿ ನಿವೃತ್ತರಾಗುವುದಿಲ್ಲ. ಇದನ್ನು ಜನ ಮರೆತುಬಿಡುತ್ತಾರೆ. ಹದಿನೆಂಟು ಹತ್ತೊಂಬತ್ತಕ್ಕೆ ಸೇರಿದವರು ಹದಿನೈದು, ಹದಿನೇಳು ವರ್ಷ ಸರ್ವೀಸ್ ಮುಗಿಸಿ ಮೂವತ್ತೈದರ ಆಸುಪಾಸಿನಲ್ಲೇ ಊರಿಗೆ ಬರುತ್ತಾರೆ. ಆಮೇಲೆ ಬ್ಯಾಂಕಿನಲ್ಲಿ ಗಾರ್ಡ್, ಕಾಲೇಜಿನಲ್ಲಿ ಸೆಕ್ಯೂರಿಟಿ, ಇಲ್ಲದಿದ್ದರೆ ಅಪ್ಪನ ತೋಟ. ಇನ್ನೂ ಇಪ್ಪತ್ತೈದು ವರ್ಷ ಮೈಮುರಿದು ದುಡಿಯುತ್ತಾರೆ. ನಾನು ನೋಡುವ ತೊಂದರೆ ಬಹುಪಾಲು ಶುರುವಾಗುವುದು ಈ ಎರಡನೇ ನಿವೃತ್ತಿಯ ನಂತರ. ಮಂಡಿ ಕೈಕೊಡುತ್ತದೆ. ಶುಗರ್ ಬರುತ್ತದೆ. ತೋಟ ಮಗನ ಕೈಗೆ ಹೋಗುತ್ತದೆ. ಜೊತೆಗಿದ್ದವರು ಒಬ್ಬೊಬ್ಬರೇ ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಕೆಲಸದ ಗಡಿಬಿಡಿಯಲ್ಲಿ ದೂರ ಇಟ್ಟಿದ್ದದ್ದೆಲ್ಲ ಆಗ ಒಂದೊಂದಾಗಿ ಬಂದು ಎದುರಿಗೆ ಕೂರುತ್ತದೆ. ಅದೇ ಹೊತ್ತಿಗೆ ಮನೆಯವರು ಬಂದು "ಆರಾಮಾಗಿ ಕೂತಿರಿ" ಅನ್ನುತ್ತಾರೆ!

1971ರ ಯುದ್ಧದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. 1987ರಿಂದ 1990ರ ತನಕ ಶಾಂತಿಪಾಲನಾ ಪಡೆ ಅಂತ ಶ್ರೀಲಂಕಾಕ್ಕೆ ಹೋಗಿದ್ದವರಲ್ಲಿ ಹೆಚ್ಚಿನವರು ಅರವತ್ತು ದಾಟಿದ್ದಾರೆ. ಲಂಕೆಯಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. 1999ರ ಕಾರ್ಗಿಲ್ ಅನ್ನು ಟಿವಿಯಲ್ಲಿ ನೋಡಿದ್ದೇವೆ, ಹಾಗಾಗಿ ಕಾರ್ಗಿಲಿನಲ್ಲಿದ್ದವರನ್ನು ಊರವರು ಕೇಳುತ್ತಾರೆ, ಶಾಲೆಗೆ ಕರೆದು ಭಾಷಣ ಮಾಡಿಸುತ್ತಾರೆ. ಲಂಕೆಗೆ ಹೋಗಿ ಬಂದವರನ್ನು ಯಾರೂ ಏನೂ ಕೇಳುವುದಿಲ್ಲ. ಅವರಲ್ಲಿ ಕೆಲವರು ಹೆಂಡತಿಗೂ ಏನೂ ಹೇಳಿಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬರು ಹವಾಲ್ದಾರರು ಹಾಗೆ ಲಂಕೆಗೆ ಹೋಗಿ ಬಂದವರು. ಮನೆಯವರ ದೂರು ಇಷ್ಟು: ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ತೋಟ ಸುತ್ತುತ್ತಾರೆ. ಹಗಲೆಲ್ಲ ಜಗುಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾರೆ, ಮಾತಿಲ್ಲ ಕತೆಯಿಲ್ಲ. "ಅರಳುಮರಳು ಶುರುವಾಯ್ತಾ ಅಂತ" ಅಂದ ಮಗ. ಮಗ ಒಳ್ಳೆಯವನು. ಅಪ್ಪ ಎಲ್ಲಿ ಬಿದ್ದುಬಿಡುತ್ತಾರೋ ಅಂತ ಒಂದೊಂದೇ ಕೆಲಸ ಬಿಡಿಸಿದ್ದ. ಕೈ ನಡುಗುತ್ತದೆ ಅಂತ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಟ್ಟಲು ಬಿಡಲಿಲ್ಲ. ಪಾಚಿಯಲ್ಲಿ ಜಾರುತ್ತದೆ ಅಂತ ತೋಟಕ್ಕೆ ಇಳಿಯಲು ಬಿಡಲಿಲ್ಲ. ಪೇಟೆಗೆ ಹೋಗುವುದು ಬೇಡ ಅಂತ ಎಟಿಎಂ ಕಾರ್ಡ್ ತಾನೇ ಇಟ್ಟುಕೊಂಡ. ಉಳಿದದ್ದು ಟಿವಿ ಮತ್ತು ಊಟ.

ಮನೋವೈದ್ಯರು ನೆನಪಿನ ಪರೀಕ್ಷೆ ಮಾಡಿ, ಮರೆವಿನ ಕಾಯಿಲೆ ಅಲ್ಲ ಅಂತ ಹೇಳಿಯಾಗಿತ್ತು. ನಾನು ಹೋದಾಗ "ರಾತ್ರಿ ಎಲ್ಲೆಲ್ಲಿ ಹೋಗ್ತೀರಿ, ನನಗೂ ತೋರಿಸಿ ಸಾರ್" ಅಂದೆ. ಹಗಲಲ್ಲೇ ಕರೆದುಕೊಂಡು ಹೋದರು. ಆ ಸುತ್ತಾಟಕ್ಕೆ ಒಂದು ಲೆಕ್ಕವಿತ್ತು. ತೋಟದ ನಾಲ್ಕು ಮೂಲೆ. ಪ್ರತಿ ಮೂಲೆಯಲ್ಲಿ ನಿಂತು ಕಿವಿಗೊಡುವುದು, ಮುಂದೆ ಹೋಗುವುದು. ಎರಡು ಗಂಟೆಗೆ ಶುರು, ನಾಲ್ಕಕ್ಕೆ ಮುಗಿತಾಯ. ಪಕ್ಕಾ ಸಂತ್ರಿ ಡ್ಯೂಟಿ. ಇನ್ನೊಂದು ಗಮನಿಸಿದೆ. ತೋಟದ ಕಾಲುದಾರಿ ಚೆನ್ನಾಗಿಯೇ ಇತ್ತು, ಅವರು ಮಾತ್ರ ಅದನ್ನು ಬಿಟ್ಟು ಅಂಚಿನ ಹುಲ್ಲಿನಲ್ಲಿ ನಡೆಯುತ್ತಿದ್ದರು. "ದಾರಿ ಮಧ್ಯ ಕಾಲಿಡಬಾರ್ದು ಮಗಾ" ಅಂದರು. ಲಂಕೆಯ ದಾರಿಗಳಲ್ಲಿ ನೆಲಬಾಂಬು ಹೂತಿಡುತ್ತಿದ್ದರು. ಹಾಗಾಗಿ ಯಾಕೆ ಅಂತ ನಾನು ಕೇಳಲಿಲ್ಲ.

ಇಂಥವರಿಗೆ "ರಾತ್ರಿ ಏಳಬೇಡಿ" ಅಂದರೆ ಪ್ರಯೋಜನವಿಲ್ಲ. ಕಾವಲು ಕಾಯುವುದು ಅವರಿಗೆ ಬರುವ ಕೆಲಸ, ಮನೆಯಲ್ಲಿ ಅವರಿಗೆ ಉಳಿದಿದ್ದ ಒಂದೇ ಕೆಲಸ. ಅದನ್ನು ನಿಲ್ಲಿಸುವ ಬದಲು ಹೊತ್ತು ಬದಲಿಸಿದೆವು. ಮಲೆನಾಡಿನಲ್ಲಿ ಕಾವಲಿಗೇನು ಬರವೇ? ಮಂಗನ ಕಾಟ ಎಷ್ಟಿದೆ ಅಂತ ಗೊತ್ತಲ್ಲ. ಮಂಗ ಬರುವುದು ಹಗಲಲ್ಲಿ. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ ಅವರಿಗೆ. ಪಟಾಕಿ, ಕೋವಿ ಇಲ್ಲ. ಒಂದು ತಗಡಿನ ಡಬ್ಬ, ಒಂದು ಕೋಲು. "ಸದ್ದಿಗೇ ಬೆಚ್ಚಿ ಬೀಳ್ತಾರಲ್ಲ ಮೇಡಂ, ಡಬ್ಬ ಬಡಿಯೋಕೆ ಕೊಡ್ತೀರಾ?" ಅಂತ ಮಗನಿಗೆ ಆತಂಕ. ಬೆಚ್ಚಿಸುವುದು ಬೇರೆಯವರು ಮಾಡುವ, ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಸದ್ದು. ತಾನೇ ಕೋಲು ಹಿಡಿದು ಮಾಡುವ ಸದ್ದು ಹಾಗಲ್ಲ. ಆದರೂ ಮೊದಲು ಮೆಲ್ಲಗೆ ತಟ್ಟಿ ನೋಡಿ ಆಮೇಲೆ ಜೋರು ಮಾಡಿದೆವು. ಜಾರುವ ಕಡೆ ಮಗನೇ ಕಲ್ಲು ಹಾಸಿ, ಹಿಡಿದುಕೊಳ್ಳಲು ಅಡಿಕೆ ದಬ್ಬೆ ಕಟ್ಟಿದ. ಅಂಚಿನಲ್ಲೇ ನಡೆಯುತ್ತಾರೆ ಅಂತಾದರೆ ಅಂಚನ್ನೇ ಸರಿ ಮಾಡೋಣ ಅಂತ. ಮತ್ತೆ ಒಂದು ನೋಟ್‌ಬುಕ್. ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ, ಎಷ್ಟು ಮಂಗ. ಮಂಗ ಬಾರದ ದಿನ ಅವರು ಬರೆಯುತ್ತಿದ್ದದ್ದು: "ಸಬ್ ಠೀಕ್." ಕೆಳಗೆ ಸಹಿ ಬೇರೆ.

ಮೆಟ್ಟುಗತ್ತಿ ಮತ್ತೆ ಕೊಡಲಿಲ್ಲ. ಕೈ ನಿಜವಾಗಿಯೂ ನಡುಗುತ್ತಿತ್ತು, ಮಗ ಅಂದದ್ದು ಸರಿ. ಆದರೆ ಅಡಿಕೆ ಕೆಲಸ ಅಂದರೆ ಸುಲಿಯುವುದೊಂದೇ ಅಲ್ಲವಲ್ಲ. ಬೇಯಿಸಬೇಕು, ಹರವಬೇಕು, ಮಳೆ ಮೋಡ ಕಂಡರೆ ಮುಚ್ಚಬೇಕು, ಒಣಗಿದ ಮೇಲೆ ಆರಿಸಬೇಕು. ಒಂದು ಕೆಲಸವನ್ನು ಹೀಗೆ ಬಿಡಿಸಿ, ಯಾವ ತುಂಡು ಯಾರ ಕೈಗೆ ಆಗುತ್ತದೆ ಅಂತ ನೋಡುವುದೇ ನಮ್ಮ ವಿದ್ಯೆಯ ಅರ್ಧ. ಆರಿಸುವುದಕ್ಕೆ ಕೈಯ ಚುರುಕಿಗಿಂತ ಕಣ್ಣಿನ ಪಳಗು ಬೇಕು. ಅಡಿಕೆಯ ದರ್ಜೆಗಳಲ್ಲಿ ರಾಶಿ ಯಾವುದು, ಗೊರಬಲು ಯಾವುದು ಅಂತ ಅವರಷ್ಟು ಬೇಗ ಗುರುತಿಸುವವರು ಆ ಮನೆಯಲ್ಲಿ ಇರಲಿಲ್ಲ. ಆರಿಸುವಾಗ ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ, ಮಾತು ನಡೆಯುತ್ತಿರುತ್ತದೆ. ಅವರ ಬಾಯಿಂದ ಲಂಕೆಯ ಜಾಫ್ನಾ ಅನ್ನುವ ಊರಿನ ಹೆಸರು ಮೊದಲ ಸಲ ಬಂದದ್ದು ಅಲ್ಲಿ, ಅಡಿಕೆಯ ಮೇಲೆ ಕಣ್ಣಿಟ್ಟುಕೊಂಡು. "ಮನಸ್ಸು ಬಿಚ್ಚಿ ಮಾತಾಡಿ" ಅಂತ ಎದುರು ಕುರ್ಚಿ ಹಾಕಿ ಕೂತಿದ್ದರೆ ಬರುತ್ತಿರಲಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಪವಾಡ ಆಯಿತು ಅಂತ ಬರೆಯುತ್ತಿಲ್ಲ. ಮಾತ್ರೆ ನಿಂತಿಲ್ಲ. ಮಳೆಗಾಲದ ರಾತ್ರಿಗಳು ಈಗಲೂ ಕಷ್ಟ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹೊರಗಿನ ಸದ್ದು ಯಾವುದೂ ಕೇಳಿಸುವುದಿಲ್ಲ, ಕಾವಲಿನವರಿಗೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ. ಆದರೆ ಹೆಚ್ಚಿನ ರಾತ್ರಿ ನಿದ್ದೆ ಮಾಡುತ್ತಾರೆ. ಎಟಿಎಂ ಕಾರ್ಡ್ ವಾಪಸ್ ಇಸಕೊಂಡಿದ್ದಾರೆ. ಆ ವಿಷಯದಲ್ಲಿ ನನ್ನ ಪಾತ್ರ ಏನೂ ಇಲ್ಲ, ಅವರೇ ಜಗಳ ಮಾಡಿ ತಗೊಂಡರು. ನನಗೆ ಬಹಳ ಖುಷಿಯಾಯಿತು.

ನಮ್ಮ ವೃತ್ತಿಗೂ ಸೈನಿಕರಿಗೂ ನಂಟು ಹಳೆಯದು. ಅಮೆರಿಕದಲ್ಲಿ ಇದಕ್ಕೊಂದು ಸಂಘ ಕಟ್ಟಿದ್ದು 1917ರಲ್ಲಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡವರಿಗೆ, ಶೆಲ್ ಸದ್ದಿಗೆ ಮನಸ್ಸು ಕೆಟ್ಟು ನಡುಗುತ್ತಿದ್ದವರಿಗೆ ಬುಟ್ಟಿ ಹೆಣೆಯುವುದು, ನೇಯ್ಗೆ, ಮರಗೆಲಸ ಕಲಿಸಲು ಸೈನ್ಯವೇ ಹೆಣ್ಣುಮಕ್ಕಳನ್ನು ನೇಮಿಸಿಕೊಂಡಿತ್ತು. ನಮ್ಮಲ್ಲಿ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ಶುರು ಮಾಡಿದರು. ಪಿಟಿಎಸ್‌ಡಿ ಅಂತ ಈಗ ಎಲ್ಲರೂ ಹೇಳುವ, ಯುದ್ಧದಂಥ ಆಘಾತ ಮುಗಿದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ಬಂದವರ ಗೋಳು ನೋಡಿದ ಮೇಲೆ. ನಮ್ಮ 1971ರವರು ಅಷ್ಟೊತ್ತಿಗೆ ಎಷ್ಟೋ ವರ್ಷ ಅದನ್ನು ಹೊತ್ತು ತಿರುಗಿಯಾಗಿತ್ತು.

ಹಾಗಂತ ಮಿಲ್ಟ್ರಿಯಿಂದ ಬಂದವರಿಗೆಲ್ಲ ಪಿಟಿಎಸ್‌ಡಿ ಅಂತ ಹಣೆಪಟ್ಟಿ ಹಚ್ಚಬೇಡಿ. ಬಹುಪಾಲು ಜನ ಆರೋಗ್ಯವಾಗಿಯೇ ಇದ್ದಾರೆ. ನನ್ನ ಹತ್ತಿರ ಬರುವವರಲ್ಲೂ ಗುಂಡಿನ ಸದ್ದನ್ನೇ ಕೇಳದವರು ಬೇಕಾದಷ್ಟು ಇದ್ದಾರೆ. ಅವರ ಖಿನ್ನತೆಗೆ ಹೆಂಡತಿ ತೀರಿಕೊಂಡದ್ದು ಕಾರಣ, ಮಕ್ಕಳು ಬೆಂಗಳೂರು ಸೇರಿದ್ದು ಕಾರಣ, ಕಿವಿ ಮಂದವಾದದ್ದೂ ಕಾರಣ.

ಹೆಂಡತಿಯರ ವಿಷಯ ಬಂತು, ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡು ಮೂರು ತಿಂಗಳ ರಜೆಗೆ ಬರುವ ಗಂಡ. ಉಳಿದ ತಿಂಗಳೆಲ್ಲ ದನ, ಗದ್ದೆ, ಅತ್ತೆ ಮಾವ, ಮಕ್ಕಳ ಶಾಲೆ, ಕೋರ್ಟಿನ ವ್ಯಾಜ್ಯ ಎಲ್ಲ ಆಕೆಯೇ ನೋಡಿಕೊಂಡಿದ್ದಾಳೆ. ಅವರು ಊರಿಗೆ ಬಂದ ಮೇಲೂ ಹೊರಗಿನ ದುಡಿಮೆ ಇತ್ತು, ಹೇಗೋ ನಡೆಯಿತು. ಈಗ ಇಡೀ ದಿನ ಮನೆಯಲ್ಲೇ. ಚೊಂಬು ಎಲ್ಲಿಡಬೇಕು, ಚಪ್ಪಲಿ ಯಾವ ಸಾಲಿನಲ್ಲಿರಬೇಕು ಅಂತ ಹುಕುಂ. "ಎಂತ ಮಾಡ್ಲಿ ಮಾರಾಯ್ತಿ, ನಮ್ಮನೆ ಅಡಿಗೆಮನೆಗೂ ಇನ್‌ಸ್ಪೆಕ್ಷನ್" ಅಂತ ಒಬ್ಬರು ನಗುತ್ತಲೇ ಹೇಳಿದರು. ಬೆನ್ನು ತಿರುಗಿಸಿದ ಮೇಲೆ ಕಣ್ಣೊರೆಸಿಕೊಂಡರು. ಆದ್ದರಿಂದ ನಾನು ಎಲ್ಲಿಗೆ ಹೋದರೂ ಅಮ್ಮನ ಹತ್ತಿರ ಬೇರೆಯಾಗಿ ಕೂತು ಮಾತಾಡುತ್ತೇನೆ. ಹಿತ್ತಲಿನಲ್ಲಾದರೂ ಸರಿ. ಗಂಡನಿಗೆ ಹುಕುಂ ಚಲಾಯಿಸಲು ಬೇರೆ ಜಾಗ ಸಿಕ್ಕಿದರೆ ಆಕೆಗೂ ಬಿಡುಗಡೆ.

ಇನ್ನು ಮಿಲ್ಟ್ರಿ ಕ್ಯಾಂಟೀನಿನಲ್ಲಿ ಮಾಜಿ ಸೈನಿಕರಿಗೆ ಕೋಟಾದಲ್ಲಿ ಸಿಗುವ ರಮ್ಮು. ಇದನ್ನು ಬರೆದರೆ ಮಾಜಿ ಸೈನಿಕರೇ ಬೈಯುತ್ತಾರೆ, ಬೈಯಲಿ. ಕೋಟಾ ನಿಲ್ಲಿಸಿ ಅನ್ನುತ್ತಿಲ್ಲ. ನಿದ್ದೆ ಮಾತ್ರೆ, ಎರಡು ಪೆಗ್, ಮಳೆಗಾಲದಲ್ಲಿ ಬಚ್ಚಲಿಗೆ ಹೋಗುವ ಒದ್ದೆ ಮೆಟ್ಟಿಲು, ಮೂರೂ ಸೇರಿದರೆ ಸೊಂಟದ ಮೂಳೆ ಮುರಿಯುತ್ತದೆ. ಆಮೇಲೆ ಹಾಸಿಗೆ. ಇನ್ನೊಂದು ಮುಖ್ಯ ವಿಷಯ: ದಿನಾ ಕುಡಿಯುವವರ ಬಾಟಲಿಯನ್ನು ಒಂದೇ ದಿನ ಅಡಗಿಸಿಟ್ಟು ಬಿಡಿಸಲು ಹೋಗಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬಾಯಿಗೆ ಬಂದಂತೆ ಬಡಬಡಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ್ ಕೈಯಲ್ಲಿ ಬಿಡಿಸಬೇಕು. ನನ್ನ ಕೆಲಸ ಅದಾದ ಮೇಲೆ, ಸಂಜೆ ಆರರಿಂದ ಒಂಬತ್ತರ ತನಕ ಆ ಕೈಗೆ ಬೇರೆ ಏನು ಕೊಡುವುದು ಅಂತ.

ಶಿವಮೊಗ್ಗದವರು ಮನೋವೈದ್ಯರ ಹತ್ತಿರ ಹೋಗಲು ಬೇರೆ ಊರಿನವರಷ್ಟು ಹೆದರುವುದಿಲ್ಲ ಅಂತ ನನಗನಿಸುತ್ತದೆ. ಇಲ್ಲಿಯ ಮನೋವೈದ್ಯರಾಗಿದ್ದ ಡಾ. ಅಶೋಕ್ ಪೈ ಅವರು ಅಷ್ಟು ವರ್ಷ ಕನ್ನಡದಲ್ಲಿ ಬರೆದು, ಮಾತಾಡಿ ಆ ದಾರಿ ಸವೆಸಿಟ್ಟಿದ್ದಾರೆ. ಸಮಸ್ಯೆ ಇರುವುದು ಡಾಕ್ಟರ್ ನೋಡಿ ಮನೆಗೆ ಬಂದ ಮೇಲೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಅಲ್ಲಿ ಜಾಗ ಇಟ್ಟಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮನೆಯಲ್ಲೇ ಪುನರ್ವಸತಿ ಕೊಡುವ ಮಾತಿದೆ. ಸರಿ, ಕೊಡುವವರು ಯಾರು? ಆಗುಂಬೆ ಕಡೆಯ ಎಪ್ಪತ್ತೈದರ ಅಜ್ಜ ಎರಡು ಬಸ್ಸು ಬದಲಿಸಿ ಶಿವಮೊಗ್ಗಕ್ಕೆ ಬಂದು, ಟೋಕನ್ ತಗೊಂಡು, ಐದು ನಿಮಿಷ ಮಾತಾಡಿ ವಾಪಸ್ ಹೋಗಬೇಕು. ಆ ಐದು ನಿಮಿಷದಲ್ಲಿ ಅವರು ಹೇಳುವುದು ಒಂದೇ, "ನಿದ್ದೆ ಬರಲ್ಲ ಸಾರ್." ಅಂಚಿನಲ್ಲಿ ನಡೆಯುವುದು ಅಲ್ಲಿ ಯಾರಿಗೆ ಕಾಣುತ್ತದೆ? ಮಾಜಿ ಸೈನಿಕರಿಗೆ ಆರೋಗ್ಯ ಯೋಜನೆ ಇದೆ, ಕಾರ್ಡ್ ಇದೆ, ಮಾತ್ರೆ ಸಿಗುತ್ತದೆ. ಮನೆ ಭೇಟಿಗೂ ಅದೇ ಯೋಜನೆಯಲ್ಲಿ ದುಡ್ಡು ಕೊಡಬೇಕು ಅನ್ನುವುದು ನನ್ನ ಬೇಡಿಕೆ. ವಯಸ್ಸಾದವರಿಗೆ ಚಿಕಿತ್ಸೆ ನಡೆಯುವುದು ಜಗುಲಿಯಲ್ಲಿ, ಬಚ್ಚಲಲ್ಲಿ, ತೋಟದಲ್ಲಿ.

ಸದ್ಯಕ್ಕೆ ಇರುವುದನ್ನು ಬಳಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅಜ್ಜಂದಿರು ಫೋನ್ ಮಾಡುವುದಿಲ್ಲ, ಗೊತ್ತು. ಅಜ್ಜಿ ಮಾಡಬಹುದು, ನೀವು ಮಾಡಬಹುದು.

ಮತ್ತೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮೊದಲು ಒಂದು ವಾರದ ದಿನಚರಿ ಬರೆದಿಡಿ. ಎಷ್ಟೊತ್ತಿಗೆ ಎದ್ದರು, ಯಾರ ಜೊತೆ ಮಾತಾಡಿದರು, ಎಷ್ಟು ಕುಡಿದರು, ರಾತ್ರಿ ಎಲ್ಲಿ ಓಡಾಡಿದರು, ಮನೆಯಲ್ಲಿ ಯಾವ ಕೆಲಸ ಅವರೊಬ್ಬರದ್ದೇ ಆಗಿತ್ತು, ಅದನ್ನು ಯಾರು ಯಾವಾಗ ಬಿಡಿಸಿದರು. ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಮನೆಯಲ್ಲಿ ಸಣ್ಣ ಜಗಳ ಆಗಬಹುದು. ಆಗಲಿ. ಆ ಹಾಳೆಯನ್ನು ಮಾತ್ರೆ ಚೀಟಿಯ ಜೊತೆ ತನ್ನಿ.