ನೀಲಗಿರಿಗೆ ಗಂಟು ಬಿದ್ದ ಮಾತ್ರಕ್ಕೆ ತೋಪು ಕಡಿಸಬೇಡಿ

ಹೊಳಲ್ಕೆರೆ ಕಡೆ ನಮ್ಮ ಚಿಕ್ಕಪ್ಪನವರಿಗೆ ಒಂದು ನೀಲಗಿರಿ ತೋಪಿದೆ. ಮರದ ವ್ಯಾಪಾರಿಯೊಬ್ಬರು ಬಂದು, "ಎಲೆಗೆ ಗಂಟು ರೋಗ ಬಿದ್ದಿದೆ, ಈಗಲೇ ಕಡಿಸಿಬಿಡಿ" ಎಂದಿದ್ದಾರೆ. ಟನ್ ಲೆಕ್ಕ ಬೇಡವಂತೆ, ಇಡೀ ತೋಪಿಗೆ ಒಂದೇ ಗುತ್ತಿಗೆಯಂತೆ. ರೋಗವೆಂದು ಹೆದರಿಸುವವರೇ ಬೆಲೆಯನ್ನೂ ಕಟ್ಟಲು ಬಂದರೆ ನನಗೆ ಅನುಮಾನ.

ಗಂಟು ಸುಳ್ಳಲ್ಲ, ನಾನೂ ನೋಡಿದೆ. ಎಲೆಯ ನಡುನರದ ಉದ್ದಕ್ಕೂ, ತೊಟ್ಟಿನ ಮೇಲೆ ಸಾಲುಸಾಲು ಉಬ್ಬು. ಕೆಲವು ಹಸಿರು, ಕೆಲವು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿವೆ. ಕಂದುಗಟ್ಟಿದವುಗಳಲ್ಲಿ ಸಣ್ಣ ದುಂಡು ತೂತು. ಈ ಗಂಟು ಎಬ್ಬಿಸುವುದು ಕಣಜವೆಂಬ ಪುಟ್ಟ ಹುಳು; ಒಳಗೆ ಬೆಳೆದು ಅದು ಹೊರಬಿದ್ದ ದಾರಿ ಆ ತೂತು. ಆಸ್ಟ್ರೇಲಿಯಾ ಮೂಲದ ಈ ಕಣಜ 2000ದ ಸುಮಾರಿಗೆ ಮಧ್ಯಪ್ರಾಚ್ಯದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೂ ಬಂತು. ಅದಕ್ಕೆ ಬೇಕಾದದ್ದು ಎಳೆ ಚಿಗುರು. ನರ್ಸರಿ ಸಸಿ, ಕೂಳೆ ಚಿಗುರು (ಕಡಿದ ಬೊಡ್ಡೆಯಿಂದ ಮತ್ತೆ ಒಡೆಯುವ ಚಿಗುರು) ಸೊರಗಿಹೋಗುವುದು ಇದರಿಂದಲೇ. ಬಲಿತ ಮರದ ಕಾಂಡವನ್ನು ಅದು ಕೊರೆಯುವುದಿಲ್ಲ.

ಹಾಗಿರುವಾಗ ಬಲಿತ ಮರ ಕಡಿದರೆ ಏನಾಗುತ್ತದೆ? ಬೊಡ್ಡೆಯ ಸುತ್ತ ಎಳೆ ಚಿಗುರು ನುಗ್ಗುತ್ತದೆ. ಕಣಜಕ್ಕೆ ಎಲೆ ಹಾಕಿ ಹಬ್ಬದೂಟ ಬಡಿಸಿದಂತೆ!

ಅಮೆರಿಕದಲ್ಲಿ ಆಶ್ ಎಂಬ ಮರಗಳನ್ನು ಹುಳು ಕೊಲ್ಲುವ ಮೊದಲೇ ಕಡಿದು ಮಾರುತ್ತಾರಲ್ಲ ಎಂದು ತಮ್ಮನೊಬ್ಬ ಕೇಳಿದ. ಅಲ್ಲಿನ ಕಥೆ ಬೇರೆ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಪಚ್ಚೆ ದುಂಬಿಯ ಮರಿ, ತೊಗಟೆಯ ಕೆಳಗಿನ ಆಹಾರ ಹರಿಯುವ ಪದರವನ್ನೇ ತಿಂದು ಮರವನ್ನು ಕೊಲ್ಲುತ್ತದೆ. ಕೋಟಿಗಟ್ಟಲೆ ಮರಗಳು ಹೋಗಿವೆ. ಸತ್ತ ಆಶ್ ಬೇಗ ಪೆಡಸಾಗಿ ಮುರಿದು ಬೀಳುವುದರಿಂದ ಕಡಿಯುವವರ ಜೀವಕ್ಕೂ ಅಪಾಯ. ಅಲ್ಲಿ ಅವಸರಕ್ಕೆ ಅರ್ಥವಿದೆ.

ಔಷಧಿ ಹೊಡೆಸುವುದೂ ಬೇಡ ಎಂದಿದ್ದೇನೆ. ಅಷ್ಟೆತ್ತರಕ್ಕೆ ಹೊಡೆಯುವವರಾದರೂ ಯಾರು? ಈ ಗಂಟಿನೊಳಗಿನ ಮರಿಯನ್ನೇ ತಿಂದು ಬೆಳೆಯುವ ಇನ್ನೊಂದು ಪುಟ್ಟ ಕಣಜ ನಮ್ಮ ದೇಶದಲ್ಲೂ ಇದೆ. ವಿಷಕ್ಕೆ ಅದೂ ಸಾಯುತ್ತದೆ.

ಚಿಕ್ಕಪ್ಪ ಒಪ್ಪಿದರು, ಆದರೆ ಪೂರ್ತಿ ಅಲ್ಲ. "ಸೊಸೈಟಿಯ ಕಂತು ನಿನ್ನ ಕಣಜದ ಶಾಸ್ತ್ರ ಕೇಳುವುದಿಲ್ಲವಪ್ಪ" ಎಂದರು. ಅದು ನ್ಯಾಯವಾದ ಮಾತು. ಹಣದ ಜರೂರಿದ್ದರೆ ಧಾರಾಳವಾಗಿ ಕಡಿಸಲಿ, ಆದರೆ ಟನ್ ಲೆಕ್ಕದಲ್ಲಿ, ತೂಕದ ಚೀಟಿ ಕೈಯಲ್ಲಿ ಹಿಡಿದು. ಬೊಡ್ಡೆಯಿಂದ ಕೂಳೆ ಮಾತ್ರ ಬೆಳೆಯಗೊಡುವುದು ಬೇಡ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿತು, ಹಾಗಾಗಿ ಬೊಡ್ಡೆ ಕೀಳಿಸಿ ಹೊಂಗೆಯನ್ನೋ ಹುಣಸೆಯನ್ನೋ ಹಾಕುವುದೇ ಲೇಸು. ಜೆಸಿಬಿ ಬಾಡಿಗೆ ಕಳೆದರೆ ಕೈಗೆಷ್ಟು ಉಳಿಯುತ್ತದೆ ಎಂದು ಚಿಕ್ಕಪ್ಪ ಈಗ ಲೆಕ್ಕ ಹಾಕುತ್ತಿದ್ದಾರೆ. ಬೊಡ್ಡೆ ಕೀಳಿಸಿದವರು ಯಾರಾದರೂ ಇದ್ದರೆ ಎಕರೆಗೆ ಎಷ್ಟು ಗಂಟೆ ಹಿಡಿಯಿತು ತಿಳಿಸಿ.