ಎಷ್ಟು ತಿಂಗಳು ಕೂಡಿಟ್ಟೆ?

ಹೋದ ವರ್ಷ ಮಗನಿಗೆ ಹನ್ನೊಂದು ತುಂಬಿದಾಗ ಮೆರ್ಕ್ಲಿನ್ ಕಂಪನಿಯ ಆಟದ ರೈಲಿನ ಸೆಟ್ ತಂದುಕೊಟ್ಟೆ. ನಾವಿರುವ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಇದು ಮನೆಮನೆಗೂ ಗೊತ್ತಿರುವ ಹೆಸರು. ಇಲ್ಲಿಂದ ಮುಕ್ಕಾಲು ಗಂಟೆ ದೂರದ ಗೆಪ್ಪಿಂಗನ್ ಊರಿನವರು. 1859ರಲ್ಲಿ ಗೊಂಬೆಮನೆಗೆ ತಗಡಿನ ಪಾತ್ರೆ ಪಡಗ ಮಾಡುತ್ತಾ ಶುರು ಮಾಡಿ, ಆಮೇಲೆ ರೈಲಿಗೆ ಬಂದರು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆ. ಬೋಲ್ಟು, ಬಾಗಿಲ ಹಿಡಿ ಎಲ್ಲಾ ಇರುತ್ತೆ. ಬೆಲೆ ಮಾತ್ರ ಆಟದ್ದಲ್ಲ. ಒಳ್ಳೆ ಎಂಜಿನ್ನು ಒಂದಕ್ಕೇ ಮುನ್ನೂರು, ನಾನೂರು ಯೂರೋ ಆಗುತ್ತೆ.

ಕೆಳಮನೆ ಹುಡುಗ ನೋಡಲು ಬಂದ. ಅವನಿಗೆ 13. ಎಂಜಿನ್ನನ್ನು ಎರಡೂ ಕೈಯಲ್ಲಿ ಎತ್ತಿ, ಮಗುಚಿ, ಚಕ್ರ ನೋಡಿ, ಮೆತ್ತಗೆ ಹಳಿ ಮೇಲೆ ಇಟ್ಟ. ಆಮೇಲೆ ನನ್ನ ಮಗನನ್ನು ಕೇಳಿದ: “ಎಷ್ಟು ತಿಂಗಳು ಕೂಡಿಟ್ಟೆ?”

ಮಗ ನನ್ನ ಮುಖ ನೋಡಿದ. “ಅಪ್ಪ ಕೊಡಿಸಿದ್ದು.”

“ಓ” ಅಂದ ಹುಡುಗ. ಅಷ್ಟೇ. ಕೊಂಕು ಏನೂ ಇರಲಿಲ್ಲ ಅದರಲ್ಲಿ. ಆದರೂ ರಾತ್ರಿ ಮಲಗುವವರೆಗೆ ಆ “ಓ” ನನ್ನ ಕಿವಿಯಲ್ಲೇ ಇತ್ತು.

ನಾನು ತಿಪಟೂರು ಕಡೆಯವನು. ಚಿಕ್ಕವನಿದ್ದಾಗ ನನ್ನ ಕೈಗೆ ದುಡ್ಡು ಬರುತ್ತಲೇ ಇರಲಿಲ್ಲ ಅಂತಲ್ಲ. ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಮಾವ ಬಸ್ಸು ಹತ್ತುವ ಮುಂಚೆ ಹತ್ತು ರೂಪಾಯಿ ನೋಟು ಮಡಿಸಿ ನನ್ನ ಜೇಬಿಗೆ ತುರುಕುತ್ತಿದ್ದರು. ನಾನು “ಬೇಡ ಬೇಡ” ಅನ್ನಬೇಕು, ಅವರು “ಇಟ್ಕೊಳೋ” ಅನ್ನಬೇಕು. ಬಸ್ಸು ತಿರುವು ದಾಟುವುದೇ ತಡ, ಅಮ್ಮನ ಕೈ ಮುಂದೆ ಬರುತ್ತಿತ್ತು. “ಕೊಡಿಲ್ಲಿ, ಕಳ್ಕೋತೀಯ. ನಾನು ಇಟ್ಟಿರ್ತೀನಿ.” ಸಾಸಿವೆ ಡಬ್ಬಿಗೆ ಹೋದ ಆ ನೋಟನ್ನು ಮತ್ತೆ ನೋಡಿದ ನೆನಪೇ ನನಗಿಲ್ಲ.

ಏನಾದರೂ ಬೇಕಿದ್ದರೆ ಕೇಳಬೇಕು. ಅದೂ ನೇರವಾಗಿ ಅಲ್ಲ. ಅಪ್ಪ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಮೇಲೆ, ಅಮ್ಮನ ಕಡೆಯಿಂದ. ನನಗೆ ಬೇಕಾಗಿದ್ದು ಲೆದರ್ ಬಾಲ್ ಆಡುವಂಥ ಬ್ಯಾಟು. ಅಪ್ಪ “ನೋಡೋಣ” ಅಂದರು. ಈ “ನೋಡೋಣ” ಹೂಂ ಅಂತಲೋ ಊಹೂಂ ಅಂತಲೋ ತಿಳಿಯದೆ ಎಷ್ಟು ತಿಂಗಳು ಕಳೆದೆನೋ! ಎಷ್ಟು ದುಡ್ಡು ಬೇಕು, ಎಷ್ಟಿದೆ, ಎಷ್ಟು ಸಾಲದು ಅಂತ ಯಾರೂ ಹೇಳಲಿಲ್ಲ. ನಾನು ಕಲಿತಿದ್ದು ಲೆಕ್ಕವಲ್ಲ, ಮುಖ ನೋಡಿ ಮೂಡು ಅಳೆಯುವುದು.

ಇಲ್ಲಿ ಮಕ್ಕಳ ಕೈಕಾಸಿಗೆ ಕಾನೂನೇ ಇದೆ. ಜರ್ಮನ್ ಸಿವಿಲ್ ಕಾನೂನಿನ 110ನೇ ಕಲಮನ್ನು ಜನ “ಕೈಕಾಸಿನ ಕಲಂ” ಅಂತಲೇ ಕರೆಯುತ್ತಾರೆ. ಈ ಕಾನೂನು 1900ರಿಂದ ಜಾರಿಯಲ್ಲಿದೆ. ಏಳು ತುಂಬಿದ ಮಗು ತನ್ನ ಖರ್ಚಿಗೆ ಕೊಟ್ಟ ದುಡ್ಡಲ್ಲಿ ಪೂರ್ತಿ ಬೆಲೆ ತೆತ್ತು ಏನಾದರೂ ಕೊಂಡರೆ ಆ ವ್ಯಾಪಾರ ಸಿಂಧು. ಕಂತಿನಲ್ಲಿ ಕೊಳ್ಳಬೇಕಾದರೆ ಅಪ್ಪ ಅಮ್ಮ ಒಪ್ಪಬೇಕು. ಓದಿ ನಗು ಬಂತು. ನಮ್ಮೂರಲ್ಲಿ ಮೀಸೆ ಬಂದ ಮಗನೂ ಅಂಗಡಿಯಲ್ಲಿ “ಅಪ್ಪನ ಲೆಕ್ಕಕ್ಕೆ ಬರ್ಕೊಳ್ಳಿ” ಅನ್ನುತ್ತಾನೆ.

ಕೆಳಮನೆ ಹುಡುಗನಿಗೆ ಬೇಕಾಗಿದ್ದು “ಮೊಸಳೆ”. ಉದ್ದ ಮೂತಿಯ ಹಳೇ ಸ್ವಿಸ್ ಎಂಜಿನ್ನಿಗೆ ಇಟ್ಟ ಅಡ್ಡಹೆಸರು ಅದು. ಹೊಸದು ಕೈಗೆ ಎಟುಕುವುದಿಲ್ಲ. ಹಳೇ ರೈಲುಗಳನ್ನು ಮಾರುವ ಸಂತೆಯಲ್ಲಿ ಒಂದು ನೋಡಿಟ್ಟಿದ್ದ, 180 ಯೂರೋ. ಕೈಕಾಸು ಉಳಿಸಿದ, ಹಳೇ ಆಟಿಕೆ ಕಂಬಳಿ ಮೇಲೆ ಹರಡಿ ಮಾರಿದ. ಇಲ್ಲಿ 13 ತುಂಬಿದರೆ ಹೆತ್ತವರ ಒಪ್ಪಿಗೆ ಮೇಲೆ ದಿನಕ್ಕೆ 2 ಗಂಟೆ ಹಗುರ ಕೆಲಸ ಮಾಡಬಹುದು. ಅದು ತುಂಬಿದ್ದೇ ಶನಿವಾರ ಮನೆಮನೆಗೆ ಜಾಹೀರಾತಿನ ಹಾಳೆ ಹಾಕಿದ. ಹದಿನಾಲ್ಕು ತಿಂಗಳು.

ಮುಂದಿನ ಸಂತೆಯ ಹೊತ್ತಿಗೆ 20 ಯೂರೋ ಕಮ್ಮಿ ಬಿತ್ತು. ಅವರಮ್ಮ ಕೊಡಲಿಲ್ಲ! ನಾನು ಪರ್ಸ್ ತೆಗೆಯಲು ಹೋದೆ, ಹೆಂಡತಿ ಮೊಣಕೈಯಲ್ಲಿ ತಿವಿದಳು. ಎಂಜಿನ್ನು ಬೇರೆ ಯಾರದೋ ಪಾಲಾಯಿತು. ಎರಡು ತಿಂಗಳಾದ ಮೇಲೆ ಇನ್ನೊಂದು ಸಿಕ್ಕಿತು ಅವನಿಗೆ.

ನಾವೂ ಶುರು ಮಾಡಿದೆವು. ಭಾನುವಾರ ಮಗನಿಗೆ 5 ಯೂರೋ, ಏನು ಮಾಡಿದೆ ಅಂತ ಕೇಳುವ ಹಾಗಿಲ್ಲ. ಮೊದಲ ಮೂರು ವಾರ ಪೂರ್ತಿ ಜೆಲ್ಲಿ ಮಿಠಾಯಿಗೆ ಹೋಯಿತು. ನಾಲ್ಕನೇ ವಾರ ಒಂದು ಪುಟ್ಟ ಸಿಗ್ನಲ್ ಕಂಬದ ಬೆಲೆ ನೋಡಿ, ಬೆರಳು ಮಡಿಸಿ ಎಣಿಸಿ, ಮಿಠಾಯಿ ವಾಪಸ್ ಇಟ್ಟ. ಅಂಗಡಿಯಲ್ಲಿ ಅವನು ಬೆರಳು ಮಡಿಸುತ್ತಿದ್ದುದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ನನಗೆ ಯಾರೂ ಇಂಥ ತಪ್ಪು ಮಾಡುವ ಅವಕಾಶ ಕೊಡಲಿಲ್ಲವಲ್ಲ ಅಂತ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಮಗು ಕೈಗೆ ದುಡ್ಡು ಕೊಟ್ಟು ಕೆಡಿಸ್ತೀಯ ಕಣೋ” ಅಂದರು. ನನಗೂ ರೇಗಿತು. “ನನ್ನ ಹತ್ತು ರೂಪಾಯಿಗಳೆಲ್ಲಾ ಎಲ್ಲಿ ಹೋದವು ಹೇಳಮ್ಮ” ಅಂದುಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಿನ್ನ ಬ್ಯಾಟು ಎಲ್ಲಿಂದ ಬಂತು ಅಂದ್ಕೊಂಡೆ?” ಅಂದರು.

ಬ್ಯಾಟು ಬಂದಿದ್ದು ಕೊಬ್ಬರಿ ಮಾರಿದ ಮಾರನೇ ದಿನ. ಅದು ನನಗೆ ಗೊತ್ತಿತ್ತು. ಆ ವರ್ಷ ಅಟ್ಟ ಹತ್ತಿ ದಿನಾ ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ನೀರು ಪೂರ್ತಿ ಇಂಗಿ ಒಳಗೆ ಗಿಟುಕು ಗಡಗಡ ಅನ್ನಲು ಹೆಚ್ಚು ಕಮ್ಮಿ ಒಂದು ವರ್ಷ ಬೇಕು. ಅಪ್ಪನೂ ಅದೇ ಗಡಗಡಕ್ಕೆ ಕಾಯುತ್ತಿದ್ದರು. ಕೂಡಿಡುವುದು ನಮ್ಮನೆಯಲ್ಲಿ ಇರಲಿಲ್ಲ ಅಂತ ಹೇಗೆ ಹೇಳಲಿ? ತಲೆ ಮೇಲೇ ಇತ್ತು. ಆಯುಧಪೂಜೆಗೆ ಅಜ್ಜಿ ಆ ಬ್ಯಾಟಿಗೂ ಕುಂಕುಮ ಇಟ್ಟರು, ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಮೊದಲ ಬಾಲು ಹಾಕಿದರು. ಕೆಳಮನೆ ಹುಡುಗ ತನ್ನ ಮೊಸಳೆಯನ್ನು ಒಬ್ಬನೇ ಚೀಲದಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದ, ನಮಗೆ ತೋರಿಸಲು.

ಆದರೂ ಭಾನುವಾರದ 5 ಯೂರೋ ನಿಲ್ಲಿಸಿಲ್ಲ. ಇಷ್ಟರಲ್ಲಿ ಅಮ್ಮ ಊರಿಂದ ಬಂದ ನೆಂಟರ ಕೈಲಿ “ಮಗುಗೆ ಕೊಡು” ಅಂತ 2,000 ರೂಪಾಯಿ ಕಳಿಸಿದ್ದಾರೆ. ಮಗ ಕೈ ಚಾಚಿದ. ರೂಪಾಯಿ ಇಲ್ಲಿ ನಡೆಯಲ್ಲ ಅಲ್ವಾ, ನಾನು ಇಟ್ಟಿರ್ತೀನಿ ಅಂದೆ.