ಬೋರ್ಡೇ ಒಡೆಯ, ನಾವು ಗೇಣಿದಾರರು

1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ನಿಂತರು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂದಾಯಿತು. ಶಿವಮೊಗ್ಗದ ಮನೆಗಳ ಕಂಪ್ಯೂಟರ್ ಟೇಬಲ್ಲಿಗೆ ಮಾತ್ರ ಆ ಕಾಯ್ದೆ ಇನ್ನೂ ತಲುಪಿಲ್ಲ. ದುಡ್ಡು ಕೊಟ್ಟವರು ಯಾರಾದರೂ ಆಗಿರಲಿ, ಕೀಬೋರ್ಡ್ ಕುಟ್ಟುವವರು ಯಾರಾದರೂ ಆಗಿರಲಿ, ವಿಂಡೋಸ್‌ನ ಖಾತೆ ಇರುವುದು ಮದರ್‌ಬೋರ್ಡ್ ಎಂಬ, ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಫಲಕದ ಹೆಸರಿಗೆ.

ಭರಣಿ ಮಳೆಯ ಸಿಡಿಲು ಲ್ಯಾನ್ ಕೇಬಲ್ ಹಿಡಿದು ಒಳಗೆ ಬಂದು ಬೋರ್ಡ್ ಸುಟ್ಟಿತು ಅನ್ನಿ. ಬೇರೆ ಬೋರ್ಡ್ ಕೂರಿಸಿ, ವಿಂಡೋಸ್ ಹೊಸದಾಗಿ ಹಾಕಿದಿರಿ. ಡಿಸ್ಕ್ ಅದೇ, ರ‍್ಯಾಮ್ ಅದೇ, ಕ್ಯಾಬಿನೆಟ್ಟಿನೊಳಗಿನ ಜಿರಲೆಯೂ ಅದೇ. ಆದರೂ ಪರದೆಯ ಬಲಮೂಲೆಯಲ್ಲಿ, ಲೈಸೆನ್ಸ್ ರುಜುವಾತು ಮಾಡಿಸಿ ಎಂಬ ‘ಆಕ್ಟಿವೇಟ್ ವಿಂಡೋಸ್’. ಸೆಟ್ಟಿಂಗ್ಸ್ ತೆರೆದರೆ 0ಎಕ್ಸ್‌ಸಿ004ಎಫ್211, ಅಂದರೆ ಹಾರ್ಡ್‌ವೇರ್ ಬದಲಾಗಿದೆ ಎಂಬ ದೂರು. ರ‍್ಯಾಮ್ ಹೆಚ್ಚಿಸಿದರೆ, ಎಸ್‌ಎಸ್‌ಡಿ ಬದಲಿಸಿದರೆ ಸಾಮಾನ್ಯವಾಗಿ ಚಕಾರ ಎತ್ತದ ವಿಂಡೋಸ್ ಸಾಹೇಬರಿಗೆ ಬೋರ್ಡ್ ಹೋದರೆ ಮಾತ್ರ ಒಡೆಯರೇ ತೀರಿಕೊಂಡಂತೆ.

ಇದಕ್ಕೆ ಕೊಡುವ ಶಿಕ್ಷೆ ಇನ್ನೂ ಮಜಾ. ಪರ್ಸನಲೈಸೇಷನ್‌ಗೆ ಬೀಗ, ವಾಲ್‌ಪೇಪರ್ ಬದಲಿಸುವಂತಿಲ್ಲ. ಆದರೆ ಫೋಲ್ಡರಿನಲ್ಲಿರುವ ಜೋಗದ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್’ ಒತ್ತಿದರೆ ಬಾಯಿ ಮುಚ್ಚಿಕೊಂಡು ಹಾಕಿಕೊಡುತ್ತದೆ!

ದಾರಿ ಇಲ್ಲವೆಂದಲ್ಲ. ಬೋರ್ಡ್ ಚೆನ್ನಾಗಿರುವಾಗಲೇ ಕಮಾಂಡ್ ಪ್ರಾಂಪ್ಟ್ ಎಂಬ ಆದೇಶ ಬರೆಯುವ ಕಪ್ಪು ಕಿಟಕಿಯಲ್ಲಿ ‘ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಡಿಎಲ್‌ಐ’ ಹೊಡೆದು ಲೈಸೆನ್ಸಿನ ಜಾತಿ ನೋಡಿ. ರೀಟೇಲ್ (ಬಿಡಿಯಾಗಿ ಕೊಂಡದ್ದು) ಎಂದಿದ್ದರೆ ಹೊಸ ಬೋರ್ಡಿಗೆ ಒಯ್ಯಬಹುದು: ಆಕ್ಟಿವೇಷನ್ ಪುಟದಲ್ಲಿ ಟ್ರಬಲ್‌ಶೂಟ್, ಆಮೇಲೆ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಆಯ್ಕೆ. ಇದಕ್ಕೆ ಹಳೇ ಬೋರ್ಡ್ ಜೀವಂತ ಇದ್ದಾಗಲೇ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿರಬೇಕು. ಸಿಡಿಲು ಮುಂಗಡ ನೋಟಿಸ್ ಕೊಟ್ಟು ಬರುತ್ತದೆಂಬ ನಂಬಿಕೆ ಮೈಕ್ರೋಸಾಫ್ಟಿನವರದು. ಓಇಎಂ (ಕಂಪ್ಯೂಟರ್ ಜೊತೆಗೇ ಬಂದದ್ದು) ಎಂದಿದ್ದರೆ ಕೀ, ಅಂದರೆ ಲೈಸೆನ್ಸ್ ಸಂಖ್ಯೆ, ಹಳೇ ಬೋರ್ಡಿನ ಬಯಾಸ್ ಚಿಪ್‌ನಲ್ಲೇ ಸಹಗಮನ ಮಾಡಿತೆಂದು ಲೆಕ್ಕ. ಹಾಗಾಗಿ ಬೋರ್ಡ್ ಬದಲಿಸುವ ಮುಂಚೆ ಚಿಪ್ ಮಟ್ಟದ ರಿಪೇರಿ ಆಗುತ್ತದೋ ವಿಚಾರಿಸುವುದು ಲೇಸು.

ಬೋರ್ಡ್ ಬದಲಾಗದೆಯೂ ಆಕ್ಟಿವೇಷನ್ ಕೈಕೊಟ್ಟರೆ ಮೊದಲು ಗಡಿಯಾರ ನೋಡಿ. ಮೂರು ವೋಲ್ಟಿನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ, ಮೈಕ್ರೋಸಾಫ್ಟ್ ಸರ್ವರ್‌ನ ಪ್ರಮಾಣಪತ್ರ ತಾಳೆಯಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕೆ?

ಎರಡನೇ ಶಂಕಿತ, ರಿಪೇರಿ ಅಂಗಡಿಯ ಹುಡುಗ ತರುವ ಪೆನ್‌ಡ್ರೈವ್. ಬಯಾಸ್‌ನಲ್ಲಿರುವುದು ವಿಂಡೋಸ್‌ನ ಹೋಮ್ ಆವೃತ್ತಿಯ ಕೀ, ಹುಡುಗ ಹಾಕಿದ್ದು ಪ್ರೊ ಆವೃತ್ತಿ. ‘ಪ್ರೊ ಒಳ್ಳೇದು ಸಾರ್’ ಎಂಬುದಷ್ಟೇ ಕಾರಣ. ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಒತ್ತಿ ಹೋಮ್ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದ್ದರೆ ತಾನಾಗಿ ಆಕ್ಟಿವೇಟ್ ಆಗುತ್ತಿತ್ತು. ಅದರಲ್ಲಿ ಅವನಿಗೇನು ಗಿಟ್ಟೀತು? ಆ್ಯಂಟಿವೈರಸ್ ಆಫ್ ಮಾಡಿ, ಕೆಎಂಎಸ್ ಹೆಸರಿನ ಕಳ್ಳ ಟೂಲ್ ಓಡಿಸಿ, ‘ಲೈಫ್‌ಟೈಮ್ ಸಾರ್’ ಎಂದು ಕೈತೊಳೆದುಕೊಳ್ಳುತ್ತಾನೆ. ಅಸಲಿ ಕೆಎಂಎಸ್, ಅಂದರೆ ಕಚೇರಿಯ ಸರ್ವರ್‌ನಿಂದಲೇ ಆಕ್ಟಿವೇಟ್ ಮಾಡುವ ಏರ್ಪಾಟು, ಇರುವುದು ಕನಿಷ್ಠ 25 ಕಂಪ್ಯೂಟರ್ ಇರುವ ಕಚೇರಿಗಳಿಗೆ. ದುರ್ಗಿಗುಡಿಯ ಮನೆಯೊಂದರ ಒಂಟಿ ಪಿಸಿ ತಾನೊಂದು ದೊಡ್ಡ ಕಚೇರಿಯೆಂದು ನಂಬಿಕೊಂಡಿರುತ್ತದೆ. ಆ ಲೈಫ್‌ಟೈಮ್‌ಗೆ ಒಂದು ಸಲಕ್ಕೆ 180 ದಿನ ಆಯುಷ್ಯ. ‘ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಎಕ್ಸ್‌ಪಿಆರ್’ ಹೊಡೆದರೆ ತಾರೀಖಿನ ಸಮೇತ ತೋರಿಸುತ್ತದೆ. ಹುಡುಗ ಚಹಾ ಮುಗಿಸಿ ಬೈಕ್ ಹತ್ತುವ ಮುಂಚೆ ಹೊಡೆಯಿರಿ.